ಬೋರ್ಡಿನಲ್ಲಿ ಒಂದು ಭಾಷೆ, ಬೆಂಚಿನಲ್ಲಿ ಐದು: ಮಹಾನಗರದ ಶಾಲೆಗೆ ಹೊಸ ಶಿಕ್ಷಕರು ಎಷ್ಟು ಸಿದ್ಧ?

ಮುಂಬೈ ಮಹಾನಗರ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ. ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಜೊತೆಗೆ ನಮ್ಮ ಕನ್ನಡ. ಇಷ್ಟು ಕೇಳಿದರೆ ಭಾಷೆಯ ಸಮಸ್ಯೆ ಬಗೆಹರಿದಂತೆಯೇ ಅನಿಸುತ್ತದೆ. ಆದರೆ ಶಾಲೆಯ ಬೋರ್ಡಿನ ಮೇಲೆ ಬರೆದ ಭಾಷೆ ಬೇರೆ, ಒಳಗೆ ಬೆಂಚಿನ ಮೇಲೆ ಕುಳಿತ ಮಕ್ಕಳ ಭಾಷೆ ಬೇರೆ. ಹೊಸದಾಗಿ ನೇಮಕವಾದ ಶಿಕ್ಷಕಿಗೆ ಮೊದಲ ಪೆಟ್ಟು ಬೀಳುವುದು ಇಲ್ಲಿಯೇ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಗೋವಂಡಿ ಅಥವಾ ಮಾನಖುರ್ದ್ ಕಡೆಯ ಹಿಂದಿ ಮಾಧ್ಯಮದ ಎರಡನೇ ತರಗತಿ ಎಂದುಕೊಳ್ಳಿ. ಹಾಜರಿ ಪುಸ್ತಕದ ಪ್ರಕಾರ ಎಲ್ಲರೂ ಹಿಂದಿ ಮಕ್ಕಳು. ಆದರೆ ಜೌನ್‌ಪುರದ ಕಡೆಯಿಂದ ಬಂದವನ ಮನೆಯಲ್ಲಿ ಅವಧಿ ಅಥವಾ ಭೋಜಪುರಿ, ದರ್ಭಂಗಾದವಳ ಮನೆಯಲ್ಲಿ ಮೈಥಿಲಿ, ಮರಾಠವಾಡದಿಂದ ಬಂದ ಮಗುವಿನ ಮನೆಯಲ್ಲಿ ಮರಾಠಿ. ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದ ದಂಪತಿಯ ಮಗು ಮನೆಯಲ್ಲಿ ಕನ್ನಡವನ್ನೋ ಲಂಬಾಣಿಯನ್ನೋ ಆಡುತ್ತದೆ. ಹತ್ತಿರದಲ್ಲಿ ಕನ್ನಡ ಶಾಲೆ ಇಲ್ಲ, ಇದ್ದರೂ ರೈಲು ಹಳಿ ದಾಟಿ ಹೋಗಬೇಕು. ಹಾಗಾಗಿ ಯಾವ ಶಾಲೆ ಹತ್ತಿರವೋ ಅದೇ ಮಗುವಿನ ಮಾಧ್ಯಮ.

ಈ ತರಗತಿಗೆ ಕಾಲಿಡುವ ಶಿಕ್ಷಕಿಯ ಕೈಯಲ್ಲಿ ಪದವಿ ಇದೆ, ಟಿಇಟಿ ಪ್ರಮಾಣಪತ್ರ ಇದೆ, ಪಾಠ ಯೋಜನೆಯ ದಪ್ಪ ಫೈಲೂ ಇದೆ. ಆ ಫೈಲಿನಲ್ಲಿರುವ ಎಲ್ಲ ಪಾಠಗಳೂ ಮಕ್ಕಳಿಗೆ ಟೀಚರ್ ಆಡುವ ಭಾಷೆ ಅರ್ಥವಾಗುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿರುತ್ತವೆ.

ತಪ್ಪು ಎಲ್ಲಿಂದ ಬರುತ್ತದೆ?

ಯಾದಗಿರಿಯ ಮಗುವನ್ನೇ ಹಿಂಬಾಲಿಸೋಣ. ಅದು ಹಿಂದಿ ಪಾಠದಲ್ಲಿ 'ಮೇರೀ ಕಿತಾಬ್' ಎನ್ನುವ ಬದಲು 'ಮೇರಾ ಕಿತಾಬ್' ಎನ್ನುತ್ತದೆ. ಟೀಚರ್ ತಿದ್ದುತ್ತಾರೆ, ಮರುದಿನ ಮತ್ತೆ ಅದೇ ತಪ್ಪು. ಮಗು ದಡ್ಡ ಅಲ್ಲ. ಕನ್ನಡದಲ್ಲಿ ಪುಸ್ತಕ, ಮೇಜು, ಕುರ್ಚಿ ಎಲ್ಲವೂ ನಪುಂಸಕ ಲಿಂಗ, ಮೇಲಾಗಿ 'ನನ್ನ' ಎಂಬ ಪದ ಯಾವ ವಸ್ತುವಿನ ಮುಂದೆ ಬಂದರೂ ಬದಲಾಗುವುದಿಲ್ಲ. ಪುಸ್ತಕ ಹೆಣ್ಣು, ಮನೆ ಗಂಡು ಎಂಬ ಲೆಕ್ಕ ಆ ಮಗುವಿನ ತಲೆಯಲ್ಲಿ ಇಲ್ಲವೇ ಇಲ್ಲ. 'ಮೈಂನೇ ರೋಟೀ ಖಾಯೀ' ಎನ್ನುವುದು ಇನ್ನೂ ಕಷ್ಟ. ಕನ್ನಡದಲ್ಲಿ ಕ್ರಿಯಾಪದ ತಿಂದವರನ್ನು ನೋಡುತ್ತದೆ, ಹಿಂದಿಯ ಭೂತಕಾಲದಲ್ಲಿ ಅದು ತಿಂದ ರೊಟ್ಟಿಯನ್ನು ನೋಡುತ್ತದೆ. ಹುಡುಗ 'ಮೈಂ ರೋಟೀ ಖಾಯಾ' ಎಂದರೆ ಅವನು ತನ್ನ ಭಾಷೆಯ ನಿಯಮವನ್ನು ಸರಿಯಾಗಿಯೇ ಪಾಲಿಸಿದ್ದಾನೆ.

ದಶಕಗಳಿಂದ ಮುಂಬೈಯಲ್ಲಿರುವ ನಮ್ಮ ಅನೇಕ ಹೋಟೆಲಿನವರೂ ಇದೇ ಹಿಂದಿ ಮಾತಾಡುತ್ತಾರೆ, ಅದರಿಂದ ಅವರ ವ್ಯಾಪಾರಕ್ಕೇನೂ ನಷ್ಟವಾಗಿಲ್ಲ. ಆದರೆ ಏಳು ವರ್ಷದ ಮಗುವಿಗೆ ಅದೇ ತಪ್ಪಿಗೆ ಕೆಂಪು ಗೆರೆ ಬೀಳುತ್ತದೆ, ಪಕ್ಕದವರು ನಗುತ್ತಾರೆ. ನಾಲ್ಕು ಸಲ ನಗು ಕೇಳಿದ ಮಗು ಐದನೇ ಸಲ ಬಾಯಿ ಬಿಡುವುದಿಲ್ಲ. ಪಾಠ ಅರ್ಥವಾಗದ ಮಗು ಗಲಾಟೆ ಮಾಡಿದರೆ ಟೀಚರ್ ಗಮನಕ್ಕಾದರೂ ಬರುತ್ತದೆ. ಸುಮ್ಮನೆ ಕುಳಿತ ಮಗು ಮಾತ್ರ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಮೇಲಿನ ತರಗತಿಗೆ ಹೋಗುತ್ತಿರುತ್ತದೆ.

ಗಣಿತದಲ್ಲೂ ಇದೇ ಕಥೆ. ಕನ್ನಡದಲ್ಲಿ 25 ಎಂದರೆ ಇಪ್ಪತ್ತೈದು: ಮೊದಲು ಇಪ್ಪತ್ತು, ಆಮೇಲೆ ಐದು. ಬರೆಯುವ ಕ್ರಮವೂ ಅದೇ. ಮರಾಠಿಯಲ್ಲಿ 'ಪಂಚವೀಸ್', ಅಂದರೆ ಮೊದಲು ಐದು, ಆಮೇಲೆ ಇಪ್ಪತ್ತು. 29ಕ್ಕೆ 'ಏಕೋಣತೀಸ್', ಮೂವತ್ತಕ್ಕೆ ಒಂದು ಕಡಿಮೆ. ಕಿವಿಗೆ ಬಿದ್ದ ಕ್ರಮದಲ್ಲೇ ಬರೆಯಲು ಹೋದ ಮಗು 25ರ ಬದಲು 52 ಬರೆದರೆ ಅದಕ್ಕೆ ಲೆಕ್ಕ ಬರುವುದಿಲ್ಲ ಎಂದು ತೀರ್ಮಾನಿಸುವಂತಿಲ್ಲ.

2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಎರಡನೇ ತರಗತಿಯ ಗಣಿತದಲ್ಲಿ 'ವೀಸ್ ಪಾಚ್' ಎಂಬ ಹೊಸ ಓದುವ ಕ್ರಮವನ್ನು ತಂದಾಗ ರಾಜ್ಯದಲ್ಲಿ ದೊಡ್ಡ ಗದ್ದಲವೇ ಎದ್ದಿತು. ಹಳೆಯ ಕ್ರಮದಲ್ಲಿ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ, ದಕ್ಷಿಣದ ಭಾಷೆಗಳಲ್ಲಿ ಹತ್ತರ ಸ್ಥಾನವನ್ನೇ ಮೊದಲು ಹೇಳುತ್ತಾರೆ ಎಂಬುದು ಬದಲಾವಣೆಯ ಪರವಾಗಿದ್ದವರ ವಾದ. ವಿಷಯ ವಿಧಾನಸಭೆಗೂ ಹೋಗಿ ತಮಾಷೆಗೆ ವಸ್ತುವಾಯಿತು. ಆ ಗದ್ದಲದಲ್ಲಿ ಮರಾಠಿಯ ಅಸ್ಮಿತೆಯ ಬಗ್ಗೆ ಕೇಳಿದಷ್ಟು ಮಾತು ಎರಡನೇ ತರಗತಿಯ ಟೀಚರ್ ಇದನ್ನು ಹೇಗೆ ಕಲಿಸಬೇಕು ಎಂಬುದರ ಬಗ್ಗೆ ಕೇಳಲಿಲ್ಲ.

ಈ ಸಣ್ಣ ಸಂಗತಿಗಳನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. 'ವೈವಿಧ್ಯಮಯ ತರಗತಿಗೆ ಶಿಕ್ಷಕರನ್ನು ಸಿದ್ಧಗೊಳಿಸುವುದು' ಎಂದು ನೀತಿ ದಾಖಲೆಗಳಲ್ಲಿ ಬರೆದಾಗ ಅದು ಯಾವುದೋ ಉದಾತ್ತ ಮೌಲ್ಯದಂತೆ ಕಾಣುತ್ತದೆ. ನಿಜದಲ್ಲಿ ಅದು ಬಹುಮಟ್ಟಿಗೆ ಇಂಥ ಕಸುಬಿನ ಜ್ಞಾನ. ಮಗುವಿನ ತಪ್ಪನ್ನು ಓದಲು ಬರಬೇಕು, ಅದು ಎಲ್ಲಿಂದ ಬಂತು ಎಂದು ಊಹಿಸಲು ಬರಬೇಕು. ಇದನ್ನು ಹೇಳಿಕೊಡಬಹುದು, ಕಲಿಯಬಹುದು.

ತರಬೇತಿಯಲ್ಲಿ ಏನಿದೆ, ಏನಿಲ್ಲ

ಕಾಗದದ ಮೇಲೆ ನೋಡಿದರೆ ತಯಾರಿ ಕಡಿಮೆಯೇನಿಲ್ಲ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, 2014ರ ನಿಯಮಗಳ ಮೂಲಕ ಬಿ.ಇಡಿ ಕೋರ್ಸನ್ನು ಒಂದು ವರ್ಷದಿಂದ ಎರಡು ವರ್ಷಕ್ಕೆ ಏರಿಸಿತು. ಒಟ್ಟು 20 ವಾರ ಶಾಲೆಯಲ್ಲಿ ಇರಬೇಕು, ಮೊದಲ ವರ್ಷ 4, ಎರಡನೇ ವರ್ಷ 16 ವಾರ. ಸಮನ್ವಯ ಶಿಕ್ಷಣ, ಲಿಂಗ ಸಮಾನತೆ, ಎಲ್ಲ ವಿಷಯಗಳಲ್ಲೂ ಭಾಷೆಯ ಪಾತ್ರ ಇವಕ್ಕೆಲ್ಲ ಪಠ್ಯಕ್ರಮದಲ್ಲಿ ಜಾಗ ಸಿಕ್ಕಿತು. ದೆಹಲಿ ವಿಶ್ವವಿದ್ಯಾಲಯ 1994ರಲ್ಲೇ ಆರಂಭಿಸಿದ ನಾಲ್ಕು ವರ್ಷದ ಬಿ.ಇಎಲ್.ಇಡಿ ಕೋರ್ಸ್ ಪ್ರಾಥಮಿಕ ಶಿಕ್ಷಕರನ್ನು ಹೇಗೆ ತಯಾರು ಮಾಡಬಹುದು ಎಂಬುದಕ್ಕೆ ಒಂದು ಮಾದರಿಯನ್ನೇ ಕೊಟ್ಟಿತ್ತು.

ಎಲ್ಲ ಕಾಲೇಜುಗಳಲ್ಲೂ ಅದು ಹಾಗೆ ನಡೆಯಿತೇ ಎಂಬುದು ಬೇರೆ ಪ್ರಶ್ನೆ. ಮಹಾರಾಷ್ಟ್ರದ ಡಿ.ಇಡಿ ಕಾಲೇಜುಗಳ ಮಾನ್ಯತೆ ವಿವಾದ ಸುಪ್ರೀಂ ಕೋರ್ಟ್ ತಲುಪಿದ್ದರಿಂದಲೇ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ ರಚನೆಯಾಯಿತು. 2012ರಲ್ಲಿ ವರದಿ ಕೊಟ್ಟ ಆಯೋಗ, ತಾನು ಪರಿಶೀಲಿಸಿದ ಸುಮಾರು 300 ಸಂಸ್ಥೆಗಳಲ್ಲಿ ಬಹುಪಾಲು ಮಾನ್ಯತೆಗೆ ಯೋಗ್ಯವಲ್ಲ ಎಂದಿತು. ದೇಶದ ಶಿಕ್ಷಕ ತರಬೇತಿ ಸಂಸ್ಥೆಗಳಲ್ಲಿ ಶೇ 90ರಷ್ಟು ಖಾಸಗಿಯವು ಎಂಬುದನ್ನೂ ಅದು ದಾಖಲಿಸಿತು. ಬಿ.ಇಡಿ ಮುಗಿಸಿದ ಯಾರನ್ನಾದರೂ ಕೇಳಿ ನೋಡಿ: ಹಾಜರಾತಿ ಹೇಗೆ ಸಿಗುತ್ತದೆ, ಹಿಂದಿನ ಬ್ಯಾಚಿನ ಫೈಲು ಈ ಬ್ಯಾಚಿಗೆ ಹೇಗೆ ಹಸ್ತಾಂತರವಾಗುತ್ತದೆ ಎಂದು ನಗುತ್ತಲೇ ಹೇಳುತ್ತಾರೆ.

ಇನ್ನೊಂದು ಮುಖ್ಯ ತಿರುವು 2023ರ ಆಗಸ್ಟ್‌ನದ್ದು. ಒಂದರಿಂದ ಐದನೇ ತರಗತಿಗೆ ಪಾಠ ಮಾಡಲು ಬಿ.ಇಡಿ ಅರ್ಹತೆಯಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ದೊಡ್ಡ ಮಕ್ಕಳಿಗೆ ವಿಷಯ ಕಲಿಸುವುದಕ್ಕೂ ಚಿಕ್ಕ ಮಕ್ಕಳಿಗೆ ಓದು-ಬರಹ ಕಲಿಸುವುದಕ್ಕೂ ಬೇಕಾದ ಕೌಶಲ ಬೇರೆ ಎಂಬ ತರ್ಕ ಅದರ ಹಿಂದಿದೆ. ಲಕ್ಷಾಂತರ ಅಭ್ಯರ್ಥಿಗಳಿಗೆ ಇದು ಕಹಿಯಾಗಿ ಕಂಡಿತು, ಅವರ ಸಂಕಟ ಸುಳ್ಳಲ್ಲ. ಆದರೆ ತರಗತಿಯಲ್ಲಿ ಕುಳಿತ ಮಗುವಿನ ಕಡೆಯಿಂದ ನೋಡಿದರೆ ತೀರ್ಪು ಸರಿಯಾಗಿಯೇ ಇದೆ.

ಟಿಇಟಿ ಇದೆಯಲ್ಲ ಎನ್ನಬಹುದು. 150 ಅಂಕಗಳ ಬಹು ಆಯ್ಕೆ ಪರೀಕ್ಷೆ, ಅದರಲ್ಲಿ 30 ಅಂಕ ಮಕ್ಕಳ ವಿಕಾಸ ಮತ್ತು ಬೋಧನಾ ಶಾಸ್ತ್ರಕ್ಕೆ, ಸಾಮಾನ್ಯ ವರ್ಗದವರು ತೇರ್ಗಡೆಯಾಗಲು ಶೇ 60 ಬೇಕು. ಪಿಯಾಜೆ, ವೈಗೋಟ್ಸ್ಕಿ ಯಾರೆಂದು ಅದು ಕೇಳಬಲ್ಲದು. 45 ನಿಮಿಷದಲ್ಲಿ ಮೂರು ಭಾಷೆಯ ಮಕ್ಕಳನ್ನು ಒಂದೇ ಕಥೆಯೊಳಗೆ ತರುವುದು ಗೊತ್ತೇ ಎಂದು ಕೇಳಲಾರದು.

16 ಸಾವಿರದ ಮೊದಲ ಕೆಲಸ

ಮಹಾರಾಷ್ಟ್ರದಲ್ಲಿ ಶಿಕ್ಷಕರಾಗುವವರು ಮೊದಲ ಮೂರು ವರ್ಷ 'ಶಿಕ್ಷಣ ಸೇವಕ'ರಾಗಿ ದುಡಿಯಬೇಕು. ಪ್ರಾಥಮಿಕ ಹಂತದಲ್ಲಿ ಅವರ ಮಾಸಿಕ ಗೌರವಧನ ಬಹುಕಾಲ 6 ಸಾವಿರ ರೂಪಾಯಿ ಇತ್ತು, 2023ರಲ್ಲಿ ಅದನ್ನು 16 ಸಾವಿರಕ್ಕೆ ಏರಿಸಲಾಯಿತು. ನೇಮಕಾತಿ 'ಪವಿತ್ರ' ಎಂಬ ಪೋರ್ಟಲ್ ಮೂಲಕ, ಅಂಕಗಳ ಆಧಾರದ ಮೇಲೆ ನಡೆಯುತ್ತದೆ. ಬೀಡ್ ಅಥವಾ ಗಡಚಿರೋಲಿಯಲ್ಲಿ ಓದಿ, ಅಲ್ಲಿನ ಹಳ್ಳಿ ಶಾಲೆಯಲ್ಲೇ ಅಭ್ಯಾಸ ಪಾಠ ಮಾಡಿದ ಹುಡುಗಿ ಒಂದು ದಿನ ಮುಂಬೈ ಪ್ರದೇಶದ ಶಾಲೆಗೆ ಬಂದು ನಿಲ್ಲಬಹುದು. 16 ಸಾವಿರದಲ್ಲಿ ಶಾಲೆಯ ಹತ್ತಿರ ಬಾಡಿಗೆ ಮನೆ ಸಿಗುವ ಮಾತೇ ಇಲ್ಲ. ಬದಲಾಪುರವೋ ವಿರಾರೋ ಹಿಡಿಯಬೇಕು, ಲೋಕಲ್ ರೈಲಿನಲ್ಲಿ ಜೋತಾಡಿಕೊಂಡು ಬರಬೇಕು.

ಆಕೆಗೂ ನಗರ ಹೊಸದು, ಮಕ್ಕಳಿಗೂ ಹೊಸದು. ಇದು ಅನುಕೂಲವೂ ಆಗಬಹುದಿತ್ತು. ಆದರೆ ಬಹಳಷ್ಟು ಕಡೆ ಹೊಸಬರಿಗೆ ಸಿಗುವುದು ಹಿರಿಯರು ಬೇಡವೆಂದು ಬಿಟ್ಟ ತರಗತಿ. ಸಾಮಾನ್ಯವಾಗಿ ಅದು ಒಂದನೇ ತರಗತಿ, ಇಲ್ಲವೇ ಮಧ್ಯದಲ್ಲಿ ಸೇರಿದವರೆಲ್ಲ ತುಂಬಿರುವ ವಿಭಾಗ. ನನ್ನ ಅಭಿಪ್ರಾಯದಲ್ಲಿ ಇದನ್ನು ತಿರುವುಮುರುವು ಮಾಡಬೇಕು. ಅಕ್ಷರ ಕಲಿಸುವುದು ಶಾಲೆಯ ಅತ್ಯಂತ ಕಠಿಣ ಕೆಲಸ, ಅದು ಅತ್ಯಂತ ಅನುಭವಿಯ ಪಾಲಿಗೆ ಹೋಗಬೇಕು.

ಇದರ ಮೇಲೆ ಚುನಾವಣೆ, ಜನಗಣತಿಯ ಕೆಲಸ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಉಳಿದ ಶಿಕ್ಷಣೇತರ ಕೆಲಸಗಳನ್ನು ನಿಷೇಧಿಸುತ್ತದೆ. ಪೋರ್ಟಲ್‌ಗೆ ಫೋಟೊ ಏರಿಸುವುದು, ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಕೇಳಿದ ಮಾಹಿತಿಯನ್ನು ಅರ್ಧ ಗಂಟೆಯಲ್ಲಿ ಕಳಿಸುವುದು ಯಾವ ಸೆಕ್ಷನ್ನಿನಲ್ಲಿ ಬರುತ್ತದೋ ಶಿಕ್ಷಕರೇ ಹೇಳಬೇಕು.

ಅದೇ ಕಾಯ್ದೆ ತರಗತಿಯ ಸ್ವರೂಪವನ್ನೂ ಬದಲಿಸಿದೆ. 4ನೇ ಸೆಕ್ಷನ್ ಪ್ರಕಾರ ಎಂದೂ ಶಾಲೆಗೆ ಹೋಗದ ಹತ್ತು ವರ್ಷದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಜೊತೆಗೆ ವಿಶೇಷ ತರಬೇತಿ ಕೊಡಬೇಕು. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ, ಜನನ ಪ್ರಮಾಣಪತ್ರ ಇಲ್ಲವೆಂದೂ ತಿರುಗಿಸಿ ಕಳಿಸುವಂತಿಲ್ಲ. ಖಾಸಗಿ ಶಾಲೆಗಳಲ್ಲಿ ಆರಂಭದ ತರಗತಿಯ ಶೇ 25 ಸೀಟು ದುರ್ಬಲ ಮತ್ತು ಹಿಂದುಳಿದ ವರ್ಗದ ಮಕ್ಕಳಿಗೆ ಮೀಸಲು. ಕಾನೂನು ಮಕ್ಕಳನ್ನು ಬಾಗಿಲೊಳಗೆ ತಂದಿದೆ. ಆ ಹತ್ತು ವರ್ಷದ ಮಗುವಿಗೆ ಕಥೆ, ಲೆಕ್ಕ, ಅಕ್ಷರ ಎಲ್ಲವನ್ನೂ ಒಟ್ಟಿಗೆ, ಅದರ ಮಾನ ಕಳೆಯದಂತೆ ಕಲಿಸುವುದು ಹೇಗೆಂದು ಟೀಚರ್‌ಗೆ ಯಾರೂ ತೋರಿಸಿಲ್ಲ.

ಬಾಲಸಖಿ ಹೇಳಿದ್ದೇನು?

ಇದೇ ಮುಂಬೈ ಪಾಲಿಕೆ ಶಾಲೆಗಳಲ್ಲಿ ನಡೆದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಲೇಬೇಕು. ಪ್ರಥಮ್ ಸಂಸ್ಥೆಯ 'ಬಾಲಸಖಿ' ಕಾರ್ಯಕ್ರಮ ಮುಂಬೈ ಮತ್ತು ವಡೋದರಾದಲ್ಲಿ ನಡೆಯಿತು. ಮೂರು, ನಾಲ್ಕನೇ ತರಗತಿಯಲ್ಲಿ ಹಿಂದೆ ಬಿದ್ದ 15-20 ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಪ್ರತ್ಯೇಕವಾಗಿ ಕೂರಿಸಿ ಬುನಾದಿ ಓದು, ಲೆಕ್ಕ ಕಲಿಸುವುದು ಅದರ ಕ್ರಮ. ಕಲಿಸುತ್ತಿದ್ದವರು ಅದೇ ಬಸ್ತಿಯ ಯುವತಿಯರು. ಅವರಿಗೆ ಬಿ.ಇಡಿ ಇರಲಿಲ್ಲ, ಆರಂಭದಲ್ಲಿ ಎರಡು ವಾರದ ತರಬೇತಿ ಅಷ್ಟೇ.

ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2001ರಿಂದ 2003ರವರೆಗೆ ಇದನ್ನು ಅಳೆದು ನೋಡಿದರು. ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬಾಲಸಖಿ ಇದ್ದ ಶಾಲೆಗಳ ಮಕ್ಕಳ ಅಂಕಗಳು ಸ್ಪಷ್ಟವಾಗಿ ಏರಿದ್ದವು, ಹೆಚ್ಚು ಲಾಭವಾದದ್ದು ತರಗತಿಯಲ್ಲಿ ಕೆಳಗಿನ ಮೂರನೇ ಒಂದು ಭಾಗದಲ್ಲಿದ್ದ ಮಕ್ಕಳಿಗೆ.

ಹಾಗಾದರೆ ತರಬೇತಿ ಪಡೆದ ಶಿಕ್ಷಕರು ಬೇಡವೇ? ಹಾಗೆ ಅರ್ಥ ಮಾಡಿಕೊಳ್ಳುವವರು ಇದ್ದಾರೆ, ಸಂಬಳ ಉಳಿಸಲು ನೋಡುವ ಸರ್ಕಾರಗಳಿಗೂ ಅದು ಹಿತವಾದ ಅರ್ಥ. ಆದರೆ ಬಾಲಸಖಿಗೆ ಕೊಟ್ಟದ್ದು ಚಿಕ್ಕ ಗುಂಪು ಮತ್ತು ಒಂದೇ ಸ್ಪಷ್ಟ ಕೆಲಸ. ಪಠ್ಯ ಮುಗಿಸುವ ಒತ್ತಡ ಇರಲಿಲ್ಲ, ಮಗು ಎಲ್ಲಿದೆಯೋ ಅಲ್ಲಿಂದ ಆರಂಭಿಸುವ ಸ್ವಾತಂತ್ರ್ಯವಿತ್ತು. ಮೇಲಾಗಿ ಮಗುವಿನ ಗಲ್ಲಿ, ಮನೆ, ಮಾತು ಆಕೆಗೆ ಗೊತ್ತಿತ್ತು. ಇದರಲ್ಲಿ ಅರ್ಧದಷ್ಟನ್ನು ನೇಮಕಗೊಂಡ ಶಿಕ್ಷಕಿಗೆ ಕೊಟ್ಟು ನೋಡಿದರೆ ಏನಾಗುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆ. ಕಾರ್ಯಕ್ರಮ ನಿಂತ ಒಂದು ವರ್ಷದ ಬಳಿಕ ಮಕ್ಕಳ ಗಳಿಕೆಯ ಬಹುಪಾಲು ಕರಗಿತ್ತು ಎಂಬುದೂ ಅದೇ ಅಧ್ಯಯನದಲ್ಲಿದೆ. ಎರಡು ಗಂಟೆ ಬಾಲಸಖಿ ಕಲಿಸಿದ್ದನ್ನು ಮುಂದಿನ ತರಗತಿಯ ಟೀಚರ್ ಮುಂದುವರಿಸದಿದ್ದರೆ ಅದು ಉಳಿಯುವುದು ಕಷ್ಟ.

ಕರ್ನಾಟಕದ 'ನಲಿ-ಕಲಿ'ಯ ಬೇರೂ ಇಂಥದ್ದೇ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ರಿಷಿ ವ್ಯಾಲಿಯ ಪದ್ಧತಿಯನ್ನು ನೋಡಿಬಂದು, ಕಲಿಕಾ ಏಣಿ ಮತ್ತು ಕಾರ್ಡುಗಳನ್ನು ತಾವೇ ರೂಪಿಸಿದರು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳಿಗೆಲ್ಲ ಅದು ವಿಸ್ತರಿಸಿತು. ಹಳ್ಳಿಯ ಬಹುವರ್ಗ ತರಗತಿಗಾಗಿ ಹುಟ್ಟಿದ ಪದ್ಧತಿ ಬೆಂಗಳೂರಿನಂಥ ಕಡೆ ಹೇಗೆ ನಡೆಯಬೇಕು? 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ. ಮಗು ಏಣಿಯ ಮೊದಲ ಮೆಟ್ಟಿಲಿನ ಚಿತ್ರ ನೋಡಿ ತೆಲುಗಿನಲ್ಲೋ ತಮಿಳಿನಲ್ಲೋ ಉರ್ದುವಿನಲ್ಲೋ ಹೆಸರು ಹೇಳಿದಾಗ ಟೀಚರ್ ಅದನ್ನು ತಪ್ಪೆನ್ನಬೇಕೇ, ಅಲ್ಲಿಂದ ಕನ್ನಡ ಪದಕ್ಕೆ ಸೇತುವೆ ಕಟ್ಟಬೇಕೇ? ಕಾರ್ಡು ಇದನ್ನು ಹೇಳಿಕೊಡುವುದಿಲ್ಲ.

ಮೊದಲ ವಾರದಲ್ಲಿ ಮಾಡಬಹುದಾದ್ದು

ಬಹುಭಾಷಾ ತರಗತಿ ಎಂದರೆ ಟೀಚರ್ ಐದೂ ಭಾಷೆ ಕಲಿಯಬೇಕು ಎಂದಲ್ಲ. ಮೊದಲು ತರಗತಿಯ ಭಾಷಾ ನಕ್ಷೆ ಬೇಕು: ಯಾವ ಮಗು ಮನೆಯಲ್ಲಿ ಯಾವ ಮಾತು ಆಡುತ್ತದೆ, ಗಲ್ಲಿಯಲ್ಲಿ ಯಾವುದು, ಶಾಲೆಯ ಭಾಷೆ ಎಷ್ಟು ಅರ್ಥವಾಗುತ್ತದೆ. ಒಂದು ಹಾಳೆ, ಎರಡು ದಿನದ ಕೆಲಸ. ಆಮೇಲೆ ಅದೇ ಭಾಷೆಯ, ಸ್ವಲ್ಪ ಮುಂದಿರುವ ಮಗುವನ್ನು ಹೊಸ ಮಗುವಿನ ಪಕ್ಕ ಕೂರಿಸಬಹುದು. ಕಥೆ ಹೇಳಿದ ಬಳಿಕ ಮೊದಲು ನಿನ್ನ ಮಾತಿನಲ್ಲೇ ಹೇಳು ಎಂದು ಬಿಡಬಹುದು. ಟೀಚರ್‌ಗೆ ಅರ್ಥವಾಗದಿದ್ದರೂ ಪರವಾಗಿಲ್ಲ, ಮಗು ಕಥೆಯನ್ನು ಹಿಡಿದಿದೆಯೇ ಎಂಬುದು ಅದರ ಮುಖದಲ್ಲೂ ಕೈಸನ್ನೆಯಲ್ಲೂ ಗೊತ್ತಾಗುತ್ತದೆ. ಗೋಡೆಯ ಮೇಲೆ ನೀರು, ಪಾನೀ, ತಣ್ಣಿ, ನೀಳ್ಳು ಎಂದು ಒಂದೇ ಚಿತ್ರದ ಕೆಳಗೆ ಬರೆದರೆ ನಗುವವರ ನಗು ನಿಲ್ಲುತ್ತದೆ, ಯಾಕೆಂದರೆ ಅಲ್ಲಿ ಎಲ್ಲರ ಮನೆಯೂ ಇದೆ.

ನೀತಿಯ ಮಟ್ಟದಲ್ಲಿ ಈ ಮಾತು ಹೊಸದಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಸಾಧ್ಯವಾದಷ್ಟೂ ಮಾತೃಭಾಷೆಯಲ್ಲಿ ಕಲಿಸಿ ಎನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕನಿಷ್ಠ ಐದನೇ ತರಗತಿಯವರೆಗೆ ಅದನ್ನೇ ಬಯಸುತ್ತದೆ, 2030ರ ವೇಳೆಗೆ ನಾಲ್ಕು ವರ್ಷದ ಸಮಗ್ರ ಬಿ.ಇಡಿ ಕನಿಷ್ಠ ಅರ್ಹತೆಯಾಗಬೇಕು, ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ವೃತ್ತಿ ತರಬೇತಿ ಸಿಗಬೇಕು ಎನ್ನುತ್ತದೆ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ ಮಕ್ಕಳ ಮಾತೃಭಾಷೆಯ ನಕ್ಷೆ ತಯಾರಿಸಲು ಸೂಚಿಸಿತು. ಅತ್ತ ಮಹಾರಾಷ್ಟ್ರದಲ್ಲಿ ಒಂದನೇ ತರಗತಿಯಿಂದ ಹಿಂದಿ ಬೇಕೇ ಬೇಡವೇ ಎಂಬ ಜಗಳ ಅದೇ ವರ್ಷ ಏಪ್ರಿಲ್‌ನಿಂದ ಜೂನ್ ಕೊನೆಗೆ ಆದೇಶ ವಾಪಸಾಗುವವರೆಗೆ ನಡೆಯಿತು. ಎಷ್ಟು ಭಾಷೆ ಎಂಬುದಕ್ಕೆ ಸಿಕ್ಕ ಸಮಯದಲ್ಲಿ ಒಂದಂಶ ಹೇಗೆ ಕಲಿಸಬೇಕು ಎಂಬುದಕ್ಕೆ ಸಿಗಲಿಲ್ಲ.

ಆ 50 ಗಂಟೆ ಆನ್‌ಲೈನ್ ವಿಡಿಯೊ ನೋಡಿ ಪ್ರಮಾಣಪತ್ರ ಇಳಿಸಿಕೊಳ್ಳುವುದರಲ್ಲಿ ಕಳೆದರೆ ಹೊಸ ಶಿಕ್ಷಕಿಗೆ ಹೆಚ್ಚೇನೂ ದಕ್ಕದು. ಆಕೆಗೆ ಬೇಕಾದದ್ದು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ, ಆಮೇಲೆ ಚಹಾ ಕುಡಿಯುತ್ತಾ 'ಆ ಹುಡುಗ ಯಾಕೆ ಮಾತಾಡಲಿಲ್ಲ ಗಮನಿಸಿದಿರಾ' ಎಂದು ಕೇಳುವ ಒಬ್ಬ ಹಿರಿಯರು. ದೆಹಲಿ ಸರ್ಕಾರ 2016ರಲ್ಲಿ ಸುಮಾರು 200 ಅನುಭವಿ ಶಿಕ್ಷಕರನ್ನು ಮಾರ್ಗದರ್ಶಕ ಶಿಕ್ಷಕರೆಂದು ಆರಿಸಿ ಬೇರೆ ಶಾಲೆಗಳಿಗೆ ಕಳಿಸಿದ್ದು ಈ ದಾರಿಯ ಒಂದು ಪ್ರಯತ್ನ. ಮೊದಲ ವರ್ಷದ ಶಿಕ್ಷಕರಿಗಾದರೂ ವಾರಕ್ಕೊಮ್ಮೆ ಇಂಥ ಜೊತೆ ಸಿಗುವುದು ಅಸಾಧ್ಯವೇನಲ್ಲ. ತಪಾಸಣೆಗೆ ಬರುವ ಅಧಿಕಾರಿಯೇ ಆ ಕೆಲಸವನ್ನೂ ಮಾಡಲಿ ಎಂದರೆ ಆಗದು, ಅಧಿಕಾರಿಯ ಎದುರು ಯಾರೂ ತಮ್ಮ ಕಷ್ಟ ಹೇಳಿಕೊಳ್ಳುವುದಿಲ್ಲ.

ಕನ್ನಡಿಗ ಪೋಷಕರು ಗಮನಿಸಿ

2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲೇ ಸುಮಾರು 10 ಲಕ್ಷ ಕನ್ನಡ ಭಾಷಿಕರಿದ್ದಾರೆ. ಜತ್, ಅಕ್ಕಲಕೋಟೆಯಂಥ ಗಡಿ ತಾಲೂಕುಗಳಲ್ಲಿ ಕನ್ನಡ ಶಾಲೆಗಳಿವೆ. ಮುಂಬೈಯಲ್ಲಿ ಒಂದು ಕಾಲಕ್ಕೆ ಹೋಟೆಲ್ ಕೆಲಸದ ಹುಡುಗರು ಹಗಲು ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ಇತಿಹಾಸವೇ ಇದೆ. ಇವತ್ತು ಪುಣೆ, ಹೈದರಾಬಾದ್, ಚೆನ್ನೈನ ಬಹುತೇಕ ಕನ್ನಡ ಮಕ್ಕಳು ಕೂರುವುದು ಇಂಗ್ಲಿಷ್ ಅಥವಾ ಆಯಾ ಊರಿನ ಭಾಷೆಯ ತರಗತಿಗಳಲ್ಲಿ.

ಮಗು ಹಿಂದೆ ಬಿದ್ದಾಗ ಕೆಲವು ಶಾಲೆಗಳು ಪೋಷಕರಿಗೆ ಕೊಡುವ ಸಲಹೆ ಒಂದೇ: ಮನೆಯಲ್ಲೂ ಇಂಗ್ಲಿಷ್ ಮಾತಾಡಿ. ಇದನ್ನು ಕೇಳಬೇಡಿ. ಅಪ್ಪ-ಅಮ್ಮ ಹರಕುಮುರುಕು ಇಂಗ್ಲಿಷ್‌ನಲ್ಲಿ ಮಾತಾಡಿದರೆ ಮಗುವಿಗೆ ಸಿಗುತ್ತಿದ್ದ ಕಥೆ, ಬೈಗುಳ, ತಮಾಷೆ, ಲೆಕ್ಕಾಚಾರ ಎಲ್ಲವೂ ಬಡವಾಗುತ್ತವೆ, ಶಾಲೆಯ ಭಾಷೆಯೂ ಬರುವುದಿಲ್ಲ. ಅದರ ಬದಲು ಶಾಲೆಯ ಪಾಠವನ್ನು ರಾತ್ರಿ ಕನ್ನಡದಲ್ಲಿ ಹೇಳಿಸಿ.

ಇನ್ನೊಂದು ಕೆಲಸ ಮುಂದಿನ ಪೋಷಕರ ಸಭೆಯಲ್ಲೇ ಮಾಡಬಹುದು. ಶಾಲೆಗಳು ಕೇಂದ್ರದ ಯುಡೈಸ್ ಪ್ಲಸ್ ವ್ಯವಸ್ಥೆಯಲ್ಲಿ ಪ್ರತಿ ಮಗುವಿನ ವಿವರ ತುಂಬುತ್ತವೆ, ಅದರಲ್ಲಿ ಮಾತೃಭಾಷೆಯ ಕಾಲಂ ಇದೆ. ಅವಸರದಲ್ಲಿ ಆ ಜಾಗಕ್ಕೆ ಶಾಲೆಯ ಮಾಧ್ಯಮವನ್ನೇ ಬರೆದುಬಿಡುವುದು ಸುಲಭ. ನಿಮ್ಮ ಮಗುವಿನ ಹೆಸರಿನ ಮುಂದೆ ಏನು ತುಂಬಿದ್ದಾರೆ ಎಂದು ಕ್ಲಾಸ್ ಟೀಚರ್ ಬಳಿ ಕೇಳಿ. ಟೀಚರ್ ಹೊಸಬರಾಗಿದ್ದರೆ ಮನೆಯಲ್ಲಿ ಯಾರು ಯಾವ ಭಾಷೆ ಮಾತಾಡುತ್ತೀರಿ, ಮಗುವಿಗೆ ಏನು ಅರ್ಥವಾಗುತ್ತದೆ, ಏನು ಆಗುವುದಿಲ್ಲ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟುಬನ್ನಿ.